ನೇತ್ರಾಣಿಯ ನೀರು ಕಲಿಸಿದ್ದು

ಸಹೋದರಿ, ನಿಮ್ಮ ಮನೆಯೊಳಗೆ ಎಂದಾದರೂ ಕೆರೆ ಬಂದಿದೆಯೇ? ನಮ್ಮ ಮನೆಗೆ ಬಂದಿತ್ತು.

2019ರ ನವೆಂಬರ್ 24, ಆದಿತ್ಯವಾರ. ಮಳೆ ಇರಲಿಲ್ಲ, ಬಿಸಿಲಿತ್ತು. ಹುಳಿಮಾವು ಕೆರೆಯ ಏರಿ ಒಡೆದು ಸುತ್ತಲಿನ ಬಡಾವಣೆಗಳಿಗೆ ನೀರು ನುಗ್ಗಿದ ಸುದ್ದಿಯನ್ನು ನೀವು ಪತ್ರಿಕೆಯಲ್ಲಿ ಓದಿರಬಹುದು. ನಾನು ಓದಬೇಕಾಗಿ ಬರಲಿಲ್ಲ. ಮೊದಲು ಮೋರಿಯಿಂದ ಕಪ್ಪು ನೀರು ಉಕ್ಕಿತು. ಆಮೇಲೆ ಗೇಟಿನಡಿಯಿಂದ ನೀರು ಹರಿದು ಬಂತು. ಏನಾಗುತ್ತಿದೆಯೆಂದು ತಿಳಿಯುವಷ್ಟರಲ್ಲಿ ಅಡುಗೆ ಮನೆಯ ಅಕ್ಕಿ ಡಬ್ಬ ತೇಲುತ್ತಿತ್ತು. ಕುರ್‌ಆನ್ ಪ್ರತಿಗಳನ್ನೂ ಮಕ್ಕಳ ಪುಸ್ತಕಗಳನ್ನೂ ಅಟ್ಟಕ್ಕೆ ಏರಿಸಿದೆ. ಮಂಡಿ ನೋವಿನ ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ ನಾಲ್ವರು ಹೊತ್ತುಕೊಂಡು ಹೋದರು. ನನ್ನ ಮಗಳಿಗೆ ಆಗ ಹನ್ನೆರಡು ವರ್ಷ. ಅವಳು ದಿವಾನದ ಮೇಲೆ ನಿಂತು ಒಂದೇ ಸಮನೆ ಅಳುತ್ತಿದ್ದಳು. "ಇಳಿ ಮಗಳೇ" ಎಂದರೆ ಇಳಿಯಲಿಲ್ಲ. ಕೊನೆಗೆ ಪಕ್ಕದ ಮನೆಯ ಹುಡುಗ ಅವಳನ್ನು ಹೆಗಲ ಮೇಲೆ ಹೊತ್ತು ರಸ್ತೆಗೆ ತಂದ. ಆ ರಸ್ತೆಯಲ್ಲಿ ರಬ್ಬರ್ ದೋಣಿಗಳು ಓಡಾಡುತ್ತಿದ್ದವು!

ನೀರು ಇಳಿಯಿತು, ಭಯ ಇಳಿಯಲಿಲ್ಲ. ಗೋಡೆಗಳು ತಿಂಗಳುಗಟ್ಟಲೆ ಒದ್ದೆಯಾಗಿದ್ದು ಬೂಷ್ಟು ಹಿಡಿದವು. ಆ ಚಳಿಗಾಲದಲ್ಲಿ ನನಗೆ ಉಬ್ಬಸ ಶುರುವಾಯಿತು. ಅಂದಿನಿಂದ ನನ್ನ ಕೈಚೀಲದಲ್ಲಿ ಇನ್‌ಹೇಲರ್ ಇದೆ. ಮಗಳಂತೂ ಶಾಲೆಯವರು ಪ್ರವಾಸವೆಂದರೆ "ಅಲ್ಲಿ ನೀರಿದೆಯಾ?" ಎಂದು ಮೊದಲು ಕೇಳುತ್ತಿದ್ದಳು. ಇದ್ದರೆ ಹೋಗುತ್ತಿರಲಿಲ್ಲ. ನಾನೂ ಕಳಿಸುತ್ತಿರಲಿಲ್ಲ.

ಇಂತಹ ತಾಯಿ ಮಗಳು ಕಳೆದ ಜನವರಿಯಲ್ಲಿ ಅರಬ್ಬೀ ಸಮುದ್ರದ ನಡುವೆ ದೋಣಿಯಲ್ಲಿ ಕುಳಿತಿದ್ದೆವೆಂದರೆ ನೀವು ನಂಬುವಿರಾ?

ಅದಕ್ಕೆ ಕಾರಣ ನಮ್ಮ ಬೀದಿಯ ಒಬ್ಬ ಸೊಸೆ. ಮದುವೆಯಾಗಿ ಎರಡು ವರ್ಷ ಗಂಡನೊಂದಿಗೆ ಕೆನಡಾದ ವ್ಯಾಂಕೂವರ್‌ನಲ್ಲಿದ್ದು ಬಂದವಳು. ಪ್ರತಿ ಶನಿವಾರ ಅಸರ್ ನಂತರ ನಮ್ಮ ಮನೆಯಲ್ಲಿ ಹೆಂಗಸರ ತರಗತಿ ನಡೆಯುತ್ತದೆ. ಒಂದು ದಿನ ಪಾಠ ಮುಗಿದ ಮೇಲೆ ಚಹಾ ಕುಡಿಯುತ್ತಾ ಅವಳು ತನ್ನ ಮೊಬೈಲ್‌ನಲ್ಲಿ ಒಂದು ಚಿತ್ರ ತೋರಿಸಿದಳು. ತಲೆಯಿಂದ ಕಾಲಿನವರೆಗೆ ಕಪ್ಪು ಉಡುಪು, ಕೈಗೆ ಗವಸು, ತಲೆಗೆ ಟೋಪಿ, ಕಾಣುವುದು ಮುಖ ಮಾತ್ರ. "ಇದು ಯಾರು ಹೇಳಿ?" ಎಂದಳು. ಅವಳೇ! ಅಲ್ಲಿನ ಸಮುದ್ರದ ನೀರು ಎಂಟು ಹತ್ತು ಡಿಗ್ರಿಯಷ್ಟು ತಣ್ಣಗಿರುತ್ತದಂತೆ. ಗಾಳಿಗಿಂತ ಸುಮಾರು ಇಪ್ಪತ್ತೈದು ಪಟ್ಟು ವೇಗವಾಗಿ ನೀರು ಮೈಯ ಬಿಸಿಯನ್ನು ಎಳೆದುಕೊಳ್ಳುತ್ತದೆ. ಆದ್ದರಿಂದ ಅಲ್ಲಿ ಮುಳುಗುವವರು ನೀರು ಒಳಗೆ ಬರದಂತಹ ಉಡುಪು ಧರಿಸಿ, ಅದರೊಳಗೆ ಉಣ್ಣೆಯ ಬಟ್ಟೆ ಹಾಕಿಕೊಳ್ಳುತ್ತಾರೆ. ಗುಂಪಾಗಿ ದೋಣಿಯಲ್ಲಿ ಹೋಗಿ, ರಸ್ತೆಯಿಲ್ಲದ ದಡದ ಮರದ ಮನೆಯಲ್ಲಿ ತಂಗಿ, ರಾತ್ರಿ ಒಲೆಯ ಸುತ್ತ ಕುಳಿತು ಮಾತಾಡುತ್ತಾರೆ.

"ಆಪಾ, ಅಲ್ಲಿ ಗಂಡಸರೂ ತಲೆ ಮುಚ್ಚಿಕೊಳ್ಳುತ್ತಾರೆ. ಯಾಕೆ ಅಂತ ಯಾರೂ ಕೇಳಲ್ಲ" ಎಂದು ಅವಳು ನಕ್ಕಳು. ನಾವೂ ನಕ್ಕೆವು. ನಗು ನಿಂತ ಮೇಲೆ ನಮ್ಮಲ್ಲಿ ಟೈಲರಿಂಗ್ ಮಾಡುವ ಒಬ್ಬಾಕೆ ಕೇಳಿದಳು, "ಅಂಥದ್ದು ನಮ್ಮ ಕಡೆ ಇಲ್ಲವಾ?"

ಇದೆ. ಉತ್ತರ ಕನ್ನಡ ಜಿಲ್ಲೆಯ ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿ ಸಮುದ್ರದ ನಡುವೆ ನೇತ್ರಾಣಿ ಎಂಬ ದ್ವೀಪವಿದೆ. ಪಾರಿವಾಳ ದ್ವೀಪವೆಂದೂ ಕರೆಯುತ್ತಾರೆ. ಮೇಲಿನಿಂದ ನೋಡಿದರೆ ಹೃದಯದ ಆಕಾರ. ನೌಕಾಪಡೆಯವರು ಅನೇಕ ವರ್ಷ ಅದನ್ನು ಗುರಿಯಿಡುವ ಅಭ್ಯಾಸಕ್ಕೆ ಬಳಸುತ್ತಿದ್ದರು, ಪರಿಸರಪ್ರೇಮಿಗಳು ಅದನ್ನು ವಿರೋಧಿಸಿದ್ದರು. ಅದರ ಬುಡದ ಬಂಡೆಗಳಲ್ಲಿ ಹವಳ, ಬಣ್ಣದ ಮೀನುಗಳಿವೆ. ಮಳೆಗಾಲ ಮುಗಿದ ಮೇಲೆ, ಸುಮಾರಾಗಿ ಅಕ್ಟೋಬರ್‌ನಿಂದ ಮೇ ತಿಂಗಳವರೆಗೆ, ಅಲ್ಲಿ ಸ್ಕೂಬಾ ಡೈವಿಂಗ್ ನಡೆಯುತ್ತದೆ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿನಡಿ ಉಸಿರಾಡುವುದೇ ಸ್ಕೂಬಾ. ಈಜು ಬಾರದವರನ್ನೂ ತರಬೇತುದಾರರು ಜೊತೆಯಲ್ಲಿಯೇ ಹಿಡಿದುಕೊಂಡು ಕೆಳಗಿಳಿಸುತ್ತಾರೆ. ನೀರು ಕೆನಡಾದಷ್ಟು ತಣ್ಣಗಿಲ್ಲ. ಆದರೂ ಅರ್ಧ ಗಂಟೆ ಒಳಗಿದ್ದರೆ ಹಲ್ಲು ಕಟಕಟ ಎನ್ನುತ್ತದೆ.

ವಿಷಯ ಬೀದಿಯಲ್ಲಿ ಹಬ್ಬಲು ತಡವಾಗಲಿಲ್ಲ. "ಮದ್ರಸಾದಲ್ಲಿ ಪಾಠ ಹೇಳುವ ಉಸ್ತಾದಿನಿಗೆ ಇದೆಲ್ಲ ಯಾಕೆ?" ಎಂದು ಒಬ್ಬರು ನೇರವಾಗಿಯೇ ಕೇಳಿದರು. ನನಗೂ ಅದೇ ಪ್ರಶ್ನೆ ಇತ್ತು. ಉತ್ತರ ಬಂದದ್ದು ನಾನು ನಿರೀಕ್ಷಿಸದ ಕಡೆಯಿಂದ. ಮೂಲೆಯಲ್ಲಿ ಕುಳಿತು ತಸ್ಬೀಹ್ ಎಣಿಸುತ್ತಿದ್ದ ಅತ್ತೆ ತಲೆಯೆತ್ತಿ ಹೇಳಿದರು: "ಅವತ್ತು ನನ್ನನ್ನು ಕುರ್ಚಿಯಲ್ಲಿ ಎತ್ತಿಕೊಂಡು ಹೋದರಲ್ಲ, ಆ ಮನೆಯಲ್ಲಿ ಮೂವರು ಹೆಂಗಸರಿದ್ದೆವು. ಒಬ್ಬರಿಗಾದರೂ ನೀರಿನ ಗುರುತಿತ್ತಾ? ಹೋಗಿ ಬನ್ನಿ."

ಮನೆಯವರು ಒಂದೇ ಶರತ್ತು ಹಾಕಿದರು: "ನಾನೂ ಬರುತ್ತೇನೆ, ದೋಣಿಯಲ್ಲಿ ಕೂರುತ್ತೇನೆ." ಹಾಗೆ ಎಂಟು ಮಂದಿ ಹೆಂಗಸರು, ಜೊತೆಗೆ ಮೂವರು ಗಂಡಸರು ಎಂದಾಯಿತು. ಮಹಿಳಾ ತರಬೇತುದಾರರು ಇರುವರೆಂದು ಮೊದಲೇ ಫೋನ್ ಮಾಡಿ ಖಚಿತಪಡಿಸಿಕೊಂಡೆವು. ಉಡುಪಿನ ಚಿಂತೆಯನ್ನು ಟೈಲರ್ ಗೆಳತಿ ಪರಿಹರಿಸಿದಳು. ಅವರು ಕೊಡುವ ರಬ್ಬರ್ ಉಡುಪಿನ ಮೇಲೆ ಹಾಕಿಕೊಳ್ಳಲು ನೀರು ಹಿಡಿಯದ ಬಟ್ಟೆಯಲ್ಲಿ ಮಂಡಿವರೆಗಿನ ಅಂಗಿ ಹೊಲಿದಳು. ಲಾಡಿಯಿಲ್ಲ, ಪಿನ್ನಿಲ್ಲ, ಜೋತಾಡುವ ಅಂಚಿಲ್ಲ. ಸಡಿಲ ಬಟ್ಟೆ ಸಿಲಿಂಡರಿನ ಪಟ್ಟಿಗೋ ಬಂಡೆಗೋ ಸಿಕ್ಕಿಕೊಂಡರೆ ಅಪಾಯ. ಅಲ್ಲಿನ ತರಬೇತುದಾರ್ತಿ ಅದನ್ನು ಎಳೆದು ನೋಡಿ "ಸರಿಯಾಗಿದೆ" ಎಂದಾಗ ಗೆಳತಿಯ ಮುಖ ನೋಡಬೇಕಿತ್ತು!

ಸಂಜೆ ಬೆಂಗಳೂರಿನಿಂದ ರೈಲು ಹತ್ತಿದರೆ ಬೆಳಗಾಗುವಾಗ ಭಟ್ಕಳ. ಅಲ್ಲಿಂದ ಜೀಪು. ನಾವು ಉಳಿದುಕೊಂಡದ್ದು ತೆಂಗಿನ ತೋಟದೊಳಗಿನ ಹಳೆಯ ಹಂಚಿನ ಮನೆ. ರಸ್ತೆ ಮುಗಿದ ಮೇಲೆ ಸಾಮಾನು ಹೊತ್ತು ಒಂದು ಕಾಲುಸಂಕ ದಾಟಬೇಕು. ಬಾವಿಯಿಂದ ನೀರು ಸೇದಬೇಕು, ಹಂಡೆಗೆ ಬೆಂಕಿ ಹಾಕಬೇಕು. ಮೊಬೈಲ್ ಮಾತಾಡಬೇಕಾದರೆ ಗದ್ದೆಯ ಬದುವಿಗೆ ಹೋಗಬೇಕು. ರಾತ್ರಿ ಕರೆಂಟು ಹೋಯಿತು, ಬೆಳಗಿನವರೆಗೆ ಬರಲಿಲ್ಲ. ಮನೆಯ ಹಿರಿಯಾಕೆ ನವಾಯತಿ ಭಾಷೆಯಲ್ಲಿ ಮಾತಾಡಿದರೆ ಸೊಸೆ ಕನ್ನಡದಲ್ಲಿ ಹೇಳುತ್ತಿದ್ದರು. ಗಂಜಿ, ಒಣಮೀನು, ತೆಂಗಿನಕಾಯಿ ಚಟ್ನಿ ಬಡಿಸಿದರು. ನೇತ್ರಾವತಿ ದಂಡೆಯಲ್ಲಿ ಹುಟ್ಟಿ ಬೆಳೆದ ನನಗೆ ತವರಿಗೆ ಹೋದ ಹಾಗಾಯಿತು.

ನೇತ್ರಾವತಿ ಎಂದೆನಲ್ಲ, ಒಂದು ಮಾತು ಹೇಳಬೇಕು. ನಮ್ಮ ಊರಿನಲ್ಲಿ ಅಣ್ಣಂದಿರೆಲ್ಲ ಹೊಳೆಯಲ್ಲಿ ಈಜುತ್ತಿದ್ದರು. ನಾವು ಹೆಣ್ಣುಮಕ್ಕಳು ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದೆವು. ಒಂದು ಸಲ ನಾನು ಕಾಲುಜಾರಿ ಬಿದ್ದೆ, ಯಾರೋ ಜಡೆ ಹಿಡಿದು ಎಳೆದರು. ಮರುದಿನದಿಂದ ನನಗೆ ಹೊಳೆಯೇ ನಿಷಿದ್ಧ. ಬಿದ್ದವಳಿಗೆ ಈಜು ಕಲಿಸಬೇಕೆಂದು ಯಾರಿಗೂ ತೋಚಲಿಲ್ಲ. ಮುಂದೆ ನಾನು ತಾಯಿಯಾದಾಗ ನನಗೂ ತೋಚಲಿಲ್ಲ.

ಮೊದಲ ದಿನ ಸಂಜೆ ಮುರುಡೇಶ್ವರದ ಕಡಲ ದಂಡೆಗೆ ಹೋದೆವು. 2024ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಇಲ್ಲಿಯೇ ಅಲೆಗೆ ಸಿಲುಕಿ ತೀರಿಕೊಂಡರು. ಆ ಮೇಲೆ ಕೆಲಕಾಲ ದಂಡೆಯನ್ನೇ ಮುಚ್ಚಿದ್ದರು. ನಾನು ಶಿಕ್ಷಕಿ. ಆ ಮರಳಿನ ಮೇಲೆ ನಿಂತಾಗ ಸಮವಸ್ತ್ರದ ಮಕ್ಕಳೇ ಕಣ್ಣೆದುರು ಬಂದರು. ಅವರ ತಾಯಂದಿರು ಬೆಳಗ್ಗೆ ಬುತ್ತಿ ಕಟ್ಟಿ ಕಳಿಸಿರಲಿಲ್ಲವೇ? ನನ್ನ ಕೈ ತಾನಾಗಿ ಮಗಳ ಮಣಿಕಟ್ಟು ಹಿಡಿದುಕೊಂಡಿತು. "ನೋವಾಗುತ್ತೆ ಉಮ್ಮ" ಎಂದಳು.

ಅಲ್ಲಿಂದ ಡೈವಿಂಗ್‌ನವರ ಕಚೇರಿಗೆ ಹೋದೆವು. ಒಂದು ಫಾರಂ ಕೊಟ್ಟರು. ಹೃದಯದ ಕಾಯಿಲೆ ಇದೆಯೇ? ಕಿವಿಯ ಶಸ್ತ್ರಚಿಕಿತ್ಸೆ ಆಗಿದೆಯೇ? ಮೂರ್ಛೆ ಬರುತ್ತದೆಯೇ? ಗರ್ಭಿಣಿಯೇ? ಉಬ್ಬಸ ಇದೆಯೇ?

ಕೊನೆಯ ಪ್ರಶ್ನೆಯ ಮುಂದೆ ನನ್ನ ಪೆನ್ನು ನಿಂತಿತು.

ಹಿಂದೆ ನಿಂತಿದ್ದ ಗೆಳತಿ ಪಿಸುಗುಟ್ಟಿದಳು: "ಇಲ್ಲ ಅಂತ ಬರೀರಿ ಆಪಾ. ಇಷ್ಟು ದೂರ ಬಂದಿದ್ದೀವಿ, ದುಡ್ಡೂ ಕಟ್ಟಿದ್ದೀವಿ. ಯಾರು ನೋಡ್ತಾರೆ?" ನಿಜ ಹೇಳಲೇ? ಬರೆಯಬೇಕೆಂದೇ ಅನಿಸಿತು. ತಿಂಗಳಿನಿಂದ ನನಗೆ ಉಬ್ಬಸ ಬಂದಿರಲಿಲ್ಲ. ಮಗಳ ಕೈ ಹಿಡಿದು ಕೆಳಗಿಳಿಯಬೇಕೆಂದು ಮೂರು ತಿಂಗಳಿನಿಂದ ಕನಸು ಕಂಡಿದ್ದೆ. ಒಂದು ಸಣ್ಣ ಗೆರೆ, ಅಷ್ಟೇ.

ಆದರೆ 'ಯಾರು ನೋಡುತ್ತಾರೆ' ಎಂಬ ಮಾತು ಚುಚ್ಚಿತು. ಇಪ್ಪತ್ತು ವರ್ಷಗಳಿಂದ ಮಕ್ಕಳಿಗೆ ನಾನು ಕಲಿಸುತ್ತಿರುವುದು ಅದಕ್ಕೆ ಉತ್ತರವನ್ನೇ ಅಲ್ಲವೇ? 'ಇದೆ' ಎಂದು ಬರೆದೆ. ಮೇಜಿನ ಆಚೆ ಇದ್ದ ಹುಡುಗ ಫಾರಂ ನೋಡಿ ತಲೆಯಾಡಿಸಿದ. "ಸಾರಿ ಮೇಡಂ, ನಿಮ್ಮನ್ನು ಕೆಳಗೆ ಕರೆದುಕೊಂಡು ಹೋಗೋಕಾಗಲ್ಲ."

ಕಾರಣವನ್ನು ತರಬೇತುದಾರ್ತಿ ತಾಳ್ಮೆಯಿಂದ ವಿವರಿಸಿದರು. ನಿಮಗೂ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ. ನೀರಿನಲ್ಲಿ ಹತ್ತು ಮೀಟರ್ ಇಳಿದರೆ ಮೈಮೇಲಿನ ಒತ್ತಡ ಎರಡು ಪಟ್ಟಾಗುತ್ತದೆ. ಅಲ್ಲಿ ಎಳೆದುಕೊಂಡ ಗಾಳಿ ಮೇಲೆ ಬರುವಾಗ ಹಿಗ್ಗುತ್ತದೆ. ಆದ್ದರಿಂದಲೇ ಸ್ಕೂಬಾದ ಮೊದಲ ನಿಯಮ: ಉಸಿರು ಬಿಗಿಹಿಡಿಯಬಾರದು. ಉಬ್ಬಸದವರ ಶ್ವಾಸನಾಳ ಕಿರಿದಾದರೆ ಗಾಳಿ ಹೊರಬರಲಾರದೆ ಒಳಗೇ ಹಿಗ್ಗಿ ಶ್ವಾಸಕೋಶ ಹರಿಯಬಹುದು. ಸಿಲಿಂಡರಿನ ಒಣ ತಣ್ಣನೆಯ ಗಾಳಿಯೇ ಉಬ್ಬಸ ಎಬ್ಬಿಸಬಹುದು. ಅಲ್ಲಿ ಇನ್‌ಹೇಲರ್ ಒತ್ತಲು ಸಾಧ್ಯವೇ? ಆ ಒಂದು ಗೆರೆ ಎಷ್ಟು ದೊಡ್ಡದೆಂದು ಆಗ ತಿಳಿಯಿತು. ಪಿಸುಗುಟ್ಟಿದ ಗೆಳತಿ ನನ್ನ ಕೈ ಒತ್ತಿ ಸುಮ್ಮನಾದಳು.

ಆ ರಾತ್ರಿ ಕಂದೀಲಿನ ಬೆಳಕಿನಲ್ಲಿ ಹಾಸಿಗೆ ಹಾಸುತ್ತಿದ್ದಾಗ ಮಗಳು ಹೇಳಿದಳು: "ಹಾಗಾದ್ರೆ ನಾನೂ ಹೋಗಲ್ಲ ಉಮ್ಮ. ನೀವಿಲ್ಲದೆ ನನಗಾಗಲ್ಲ."

ಸಹೋದರಿ, ಅದನ್ನು ಕೇಳಿ ನನಗೆ ಎಷ್ಟು ನೆಮ್ಮದಿಯಾಯಿತು ಗೊತ್ತೇ? ಬೇಸರ ಆಗಬೇಕಿತ್ತು, ಆಗಲಿಲ್ಲ, ಹಾಯೆನಿಸಿತು! ಆ ನೆಮ್ಮದಿಯೇ ನನ್ನನ್ನು ಹೆದರಿಸಿತು. ಇಷ್ಟು ವರ್ಷ ಅವಳ ಭಯವೆಂದು ನಾನು ಹೇಳಿಕೊಂಡು ಬಂದದ್ದು ನಿಜವಾಗಿ ಯಾರದು? ಶಾಲೆಯ ಪ್ರವಾಸ ಬೇಡವೆಂದವಳು ನಾನು. ಮಳೆ ಹನಿದರೆ ಕಾಲೇಜಿಗೆ ಮೂರು ಸಲ ಫೋನ್ ಮಾಡಿದವಳು ನಾನು. ಕೆರೆ ಒಂದು ದಿನ ಹೆದರಿಸಿತ್ತು. ಆ ಭಯಕ್ಕೆ ಆರು ವರ್ಷ ಅನ್ನ ಹಾಕಿ ಸಾಕಿದವಳು ನಾನೇ.

ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದೆ: "ನಿನಗೆ ಮನಸ್ಸಿಲ್ಲದಿದ್ದರೆ ಬೇಡ. ಆದರೆ ನಾನಿಲ್ಲ ಎಂಬ ಕಾರಣಕ್ಕೆ ಬೇಡ ಎನ್ನಬೇಡ. ನಾನು ಮೇಲಿರುತ್ತೇನೆ." ಅವಳು ಉತ್ತರ ಕೊಡದೆ ಮುಸುಕೆಳೆದುಕೊಂಡಳು.

ಬೆಳಗ್ಗೆ ಫಜ್ರ್ ನಮಾಝಿಗೆ ಬಾವಿಕಟ್ಟೆಯಲ್ಲಿ ವುಝೂ ಮಾಡಲು ಹೋದರೆ ಅವಳು ನನಗಿಂತ ಮೊದಲೇ ಎದ್ದು ನೀರು ಸೇದುತ್ತಿದ್ದಳು.

ಹೊಟ್ಟೆ ತುಂಬಾ ತಿನ್ನಬೇಡಿ ಎಂದಿದ್ದರಿಂದ ಎರಡೆರಡು ಇಡ್ಲಿ ತಿಂದು ದೋಣಿ ಹತ್ತಿದೆವು. ಒಂದು ಗಂಟೆಗೂ ಹೆಚ್ಚು ಪಯಣ. ಮುರುಡೇಶ್ವರದ ದೊಡ್ಡ ಶಿವನ ಪ್ರತಿಮೆ ಹಿಂದೆ ಹಿಂದೆ ಸರಿಯುತ್ತಾ ಹೆಬ್ಬೆರಳಷ್ಟಾಯಿತು. ಇಬ್ಬರಿಗೆ ವಾಂತಿಯಾಯಿತು. "ದೂರದ ಗೆರೆ ನೋಡಿ, ಮೊಬೈಲ್ ನೋಡಬೇಡಿ" ಎಂದು ದೋಣಿಯವರು ಕೂಗಿದರು. ಕೊನೆಗೆ ನೇತ್ರಾಣಿ ಕಂಡಿತು. ನೀರಿನಿಂದ ನೆಟ್ಟಗೆ ಎದ್ದ ಬಂಡೆ, ಮೇಲೆ ಹಸಿರು, ಅದರ ಮೇಲೆ ಬಿಳಿ ಹೊಟ್ಟೆಯ ಕಡಲ ಹದ್ದುಗಳು.

ಲಂಗರು ಹಾಕಿ, ದೋಣಿಯ ಪಕ್ಕದಲ್ಲೇ ಪಾಠ ಶುರುವಾಯಿತು. ಬಾಯಿಯಿಂದ ಮಾತ್ರ ಉಸಿರಾಡುವುದು. ಕಿವಿ ನೋಯುವ ಮೊದಲೇ ಮೂಗು ಹಿಡಿದು ಮೆಲ್ಲಗೆ ಊದುವುದು. ಹೆಬ್ಬೆರಳು ತೋರುಬೆರಳು ಸೇರಿಸಿ ಉಂಗುರ ಮಾಡಿದರೆ 'ಎಲ್ಲ ಸರಿ'. ಹೆಬ್ಬೆರಳು ಮೇಲೆತ್ತಿದರೆ 'ಮೇಲೆ ಹೋಗೋಣ'. ದಡದಲ್ಲಿ ಭೇಷ್ ಎನ್ನುವ ಸಂಜ್ಞೆಗೆ ನೀರಿನಲ್ಲಿ ಅರ್ಥವೇ ಬೇರೆ!

ಮಗಳ ಸರದಿ ಬಂತು. ದೋಣಿಯ ಅಂಚಿನಲ್ಲಿ ಕುಳಿತು ನನ್ನತ್ತ ನೋಡಿದಳು. ಹನ್ನೆರಡು ವರ್ಷದವಳಾಗಿ ದಿವಾನದ ಮೇಲೆ ನಿಂತು ನೋಡಿದ ಅದೇ ಕಣ್ಣು. "ಬೇಡ ಬಿಡು, ಬಾ" ಎಂಬ ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು. ನುಂಗಿಕೊಂಡೆ. ಬಿಸ್ಮಿಲ್ಲಾಹ್ ಎಂದಳು, ಇಳಿದಳು. ಮೊದಲ ಸಲ ಮುಖ ಮುಳುಗಿಸಿದವಳು ಕೆಮ್ಮುತ್ತಾ ಮೇಲೆ ಬಂದಳು. ಎರಡನೆಯ ಸಲವೂ ಬಂದಳು. ತರಬೇತುದಾರ್ತಿ ಅವಸರ ಮಾಡಲಿಲ್ಲ. ಮೂರನೆಯ ಸಲ ಅವಳು ಬರಲಿಲ್ಲ.

ನೀರಿನ ಮೇಲೆ ಗುಳ್ಳೆಗಳು ಮಾತ್ರ ಉಳಿದವು.

ನಾನು ಆ ಗುಳ್ಳೆಗಳನ್ನೇ ನೋಡುತ್ತಾ ಕುಳಿತೆ. ಒಂದು ಗೊಂಚಲು ಬರುತ್ತದೆ, ಒಡೆಯುತ್ತದೆ. ಮುಂದಿನದು ಬರುವವರೆಗೆ ನನ್ನ ಉಸಿರು ನಿಲ್ಲುತ್ತದೆ. ಒಂದು ಗುಳ್ಳೆಯೆಂದರೆ ಮಗಳ ಒಂದು ಉಸಿರು ತಾನೇ? ಅವಳು ಹಸುಗೂಸಾಗಿದ್ದಾಗ ರಾತ್ರಿ ಎದ್ದು ಮೂಗಿನ ಬಳಿ ಬೆರಳಿಟ್ಟು ನೋಡುತ್ತಿದ್ದೆನಲ್ಲ, ಅದು ನೆನಪಾಯಿತು. ನೀವೂ ಹಾಗೆ ನೋಡಿರುತ್ತೀರಿ.

ಮನೆಯವರು ಬಂದು, "ನೀನೂ ಮುಖವಾಡ ಹಾಕಿಕೊಂಡು ಮೇಲಿನಿಂದಲೇ ನೋಡಬಹುದಂತೆ" ಎಂದರು. ಲೈಫ್ ಜಾಕೆಟ್ ತೊಟ್ಟು, ಇನ್‌ಹೇಲರನ್ನು ಅವರ ಕೈಗೆ ಕೊಟ್ಟು, ಏಣಿ ಹಿಡಿದು ಇಳಿದೆ. ನೀರು ಕುತ್ತಿಗೆಗೆ ಬಂದಾಗ 2019ರ ಆ ಮಧ್ಯಾಹ್ನ ಮೈಯಲ್ಲೆಲ್ಲ ಎದ್ದಿತು. ಕೊಳಚೆಯ ಆ ವಾಸನೆಯೂ ಬಂದಂತಾಯಿತು. ಹಗ್ಗವನ್ನು ಬಿಗಿಯಾಗಿ ಹಿಡಿದು, ಕಣ್ಣು ಮುಚ್ಚಿ, ಮುಖ ಮುಳುಗಿಸಿದೆ. ಆಮೇಲೆ ಕಣ್ಣು ತೆರೆದೆ.

ಸುಬ್‌ಹಾನಲ್ಲಾಹ್! ನೀಲಿ ಬೆಳಕು ಕೆಳಗಿನವರೆಗೆ ಇಳಿದಿತ್ತು. ಬಂಡೆಯ ಸಂದಿನಲ್ಲಿ ಹಳದಿ ಪಟ್ಟೆಯ ಮೀನುಗಳು ಮದ್ರಸಾ ಬಿಟ್ಟ ಮಕ್ಕಳ ಹಾಗೆ ಒಟ್ಟಿಗೆ ಒಂದೇ ಕಡೆ ತಿರುಗುತ್ತಿದ್ದವು. ಅದರ ಆಚೆ, ಬಹುಶಃ ಏಳೆಂಟು ಮೀಟರ್ ಕೆಳಗೆ, ನಮ್ಮ ಟೈಲರ್ ಹೊಲಿದ ಅಂಗಿ ಕಂಡಿತು. ಕೆಂಪು ಬಟ್ಟೆಯದು, ಅಲ್ಲಿ ಕಂದಾಗಿ ಕಾಣುತ್ತಿತ್ತು. ನೀರು ಎಲ್ಲಕ್ಕಿಂತ ಮೊದಲು ಕೆಂಪು ಬಣ್ಣವನ್ನು ಹೀರಿಕೊಳ್ಳುತ್ತದಂತೆ. ತರಬೇತುದಾರ್ತಿ ಮೇಲೆ ಕೈ ತೋರಿಸಿರಬೇಕು. ಮಗಳು ತಲೆಯೆತ್ತಿದಳು. ಇಷ್ಟು ಎತ್ತರದಿಂದ ನಾನು ಯಾರೆಂದು ಅವಳಿಗೆ ಹೇಗೆ ತಿಳಿಯಿತೋ! ಬೆರಳುಗಳನ್ನು ಉಂಗುರ ಮಾಡಿ ತೋರಿಸಿದಳು: ಎಲ್ಲ ಸರಿ.

ನಾನೂ ಉಂಗುರ ಮಾಡಿದೆ. ಮುಖವಾಡದೊಳಗೆ ನೀರು ತುಂಬಿತು. ಅದು ಸಮುದ್ರದ್ದಲ್ಲ.

ಅಂದು ರಾತ್ರಿಯೂ ಅದೇ ಹಂಚಿನ ಮನೆಯಲ್ಲಿ ಉಳಿದೆವು. ಅದಕ್ಕೂ ಕಾರಣವಿದೆ. ಒತ್ತಡದಲ್ಲಿ ಉಸಿರಾಡಿದಾಗ ಸಾರಜನಕ ರಕ್ತದಲ್ಲಿ ಸೇರಿರುತ್ತದೆ. ಅದು ಮೆಲ್ಲನೆ ಹೊರಹೋಗಬೇಕು. ಕೂಡಲೇ ವಿಮಾನ ಹತ್ತಬಾರದು, ಎತ್ತರದ ಘಟ್ಟ ಏರುವುದನ್ನೂ ತಡಮಾಡುವುದು ಒಳ್ಳೆಯದು. ನಮ್ಮ ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಮೇಲಿದೆ. ಮರುದಿನ ಸಂಜೆಯ ರೈಲಿಗೆ ಹೊರಟೆವು.

ಇದನ್ನು ಓದಿ ಎಲ್ಲರೂ ನೇತ್ರಾಣಿಗೆ ಹೊರಡಿ ಎಂದು ನಾನು ಹೇಳುತ್ತಿಲ್ಲ. ಖರ್ಚಿನ ವಿಷಯ, ಆರೋಗ್ಯದ ವಿಷಯ ಇದೆ. ಹೋಗುವವರು ಮಾತ್ರ ತರಬೇತುದಾರರ ಅರ್ಹತೆ ವಿಚಾರಿಸಿ, ಫಾರಂನಲ್ಲಿ ಸತ್ಯ ಬರೆಯಿರಿ, ಅಲೆ ಜೋರಿದ್ದ ದಿನ ಹಣದ ಮುಖ ನೋಡದೆ ಹಿಂದಿರುಗಿ. ಸಿಲಿಂಡರ್ ಕಟ್ಟಿಕೊಂಡು ಒಮ್ಮೆ ಇಳಿದವರಿಗೆ ಈಜು ಬಂದಂತಾಗುವುದಿಲ್ಲ ಎಂಬುದೂ ನೆನಪಿರಲಿ.

ನಾನು ಹೇಳಬೇಕೆಂದಿರುವುದು ಬೇರೆ. ನಾವು ಹೆಣ್ಣುಮಕ್ಕಳಿಗೆ ನೀರಿನಿಂದ ದೂರವಿರಲು ಕಲಿಸುತ್ತೇವೆ. ಆದರೆ ನೀರು ನಮ್ಮಿಂದ ದೂರವಿರುತ್ತದೆಯೇ? ಹುಳಿಮಾವಿನ ಹಾಗೆ ಅದು ಬಾಗಿಲಿಗೇ ಬಂದರೆ? ಮಕ್ಕಳ ಭಯವನ್ನು ಕಾಯುತ್ತಿದ್ದೇವೆಂದು ಭಾವಿಸಿ, ನಮ್ಮದೇ ಭಯವನ್ನು ಅವರಿಗೆ ವರದಕ್ಷಿಣೆಯಂತೆ ಕಟ್ಟಿ ಕಳಿಸುತ್ತಿದ್ದೇವೆಯೇ? ಒಮ್ಮೆ ಯೋಚಿಸಿ.

ಊರಿಗೆ ಬಂದ ಮೇಲೆ ನಾವು ಎಂಟು ಮಂದಿ ಸೇರಿ ಒಂದು ಈಜುಕೊಳದವರನ್ನು ಕಂಡು, ಹೆಂಗಸರಿಗೇ ಮೀಸಲಾದ ಒಂದು ಗಂಟೆಯ ತರಗತಿ ಕೇಳಿದೆವು. ಮೊದಲು ಆಗುವುದಿಲ್ಲವೆಂದರು, ಹದಿನೈದು ಹೆಸರುಗಳಾದ ಮೇಲೆ ಒಪ್ಪಿದರು. ವೈದ್ಯರ ಸಲಹೆ ಕೇಳಿಕೊಂಡು ನಾನೂ ಹೋಗುತ್ತಿದ್ದೇನೆ. ನನಗಿನ್ನೂ ತೇಲಲು ಸರಿಯಾಗಿ ಬರುವುದಿಲ್ಲ. ಮಗಳಿಗೆ ಬರುತ್ತದೆ.

ಮನೆ ತಲಪಿದ ದಿನ ಅತ್ತೆ ಮೊಮ್ಮಗಳನ್ನು ಹತ್ತಿರ ಕೂರಿಸಿಕೊಂಡು ಕೇಳಿದರು: "ಕೆಳಗೆ ಹೇಗಿತ್ತು?"

ಅವಳು ಸ್ವಲ್ಪ ಹೊತ್ತು ಯೋಚಿಸಿ ಹೇಳಿದಳು: "ನನ್ನ ಉಸಿರಿನ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ ಅಜ್ಜಿ. ಉಮ್ಮ ಮೇಲಿದ್ದರು."